ಸ್ವಸಂತೋಷದಿಂದ

ಕನ್ನಡ ಕಲಿಸುವವನಿಗೂ ಕಾಯದೆಗೂ ಏನು ನಂಟು ಎಂದು ವಾಚಕರು ಕೇಳಬಹುದು. ಎರಡು ವರುಷಗಳ ಹಿಂದೆ ನಾನೂ ಹಾಗೆಯೇ ಕೇಳುತ್ತಿದ್ದೆ. ಧಾರವಾಡದಲ್ಲಿ ಮನೆ ಮಾಡಿದವನಿಗೆ ವಕೀಲರ ನೆರೆ ತಪ್ಪಿದ್ದಲ್ಲ ಎಂಬುದು ನಿಜ; ಓಣಿಗೆ ಇಬ್ಬರು ಕವಿಗಳಿದ್ದರೆ ಮೂವರು ವಕೀಲರು. 2008ರಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಇಲ್ಲಿಗೆ ಬಂದು 2013ರಲ್ಲಿ ಕಾಯಂ ಆದ ಮೇಲೆ ಕರಿಕೋಟಿನವರ ಓಡಾಟ ಇನ್ನಷ್ಟು ಹೆಚ್ಚಿತು. 2009ರಿಂದ ಹುಬ್ಬಳ್ಳಿಯ ನವನಗರದಲ್ಲಿ ರಾಜ್ಯದ ಕಾನೂನು ವಿಶ್ವವಿದ್ಯಾಲಯವೂ ನಡೆದಿದೆ. ಆದರೂ ಕೋರ್ಟಿನ ಮೆಟ್ಟಿಲನ್ನು ಹತ್ತದೆ ಬಾಳಿದವನು ಜಾಣನೆಂಬ ನಮ್ಮ ಹಿರಿಯರ ಮಾತನ್ನು ನಂಬಿಕೊಂಡು ನಾನು ಆ ಕಡೆ ತಲೆಹಾಕಿರಲಿಲ್ಲ. ಕಾಯದೆಯೇ ಒಂದು ದಿನ ನನ್ನ ಕೋಣೆಗೆ ನಡೆದುಬಂದಿತು.

ಆಷಾಢದ ದಿನ. ಜಿಟಿಜಿಟಿ ಮಳೆ ಹಿಡಿದುಕೊಂಡಿತ್ತು. ಪಾಠ ಮುಗಿಸಿ ಅಧ್ಯಾಪಕರ ಕೋಣೆಗೆ ಬಂದರೆ, ಪ್ಲಾಸ್ಟಿಕ್ ಚೀಲದಲ್ಲಿ ಕಾಗದದ ಕಟ್ಟೊಂದನ್ನು ಎದೆಗೆ ಅವಚಿಕೊಂಡು ಒಬ್ಬ ತರುಣಿ ಕುಳಿತಿದ್ದರು. ಕಾಯದೆಯಲ್ಲಿ ಸಂಶೋಧನೆ ಮಾಡುತ್ತಿರುವುದಾಗಿ ಹೇಳಿಕೊಂಡರು. ವಿಷಯ: ಹೆಣ್ಣುಮಕ್ಕಳು ತವರಿನ ಆಸ್ತಿಯ ಹಕ್ಕನ್ನು ಬಿಟ್ಟುಕೊಡುವ ಪತ್ರಗಳು. ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಿನ ಹಳೆಯ ದಸ್ತಾವೇಜುಗಳಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ, ನಡುನಡುವೆ ಮೋಡಿ ಲಿಪಿ. "ಸರ, ನಿಮಗ ಮೋಡಿ ಓದಾಕ ಬರತೈತಿ ಅಂತ ಕೇಳಿದೆ" ಎಂದರು. ತಕ್ಕಮಟ್ಟಿಗೆ ಬರುತ್ತದೆ. ನಮ್ಮಜ್ಜ ಶಾನಭೋಗಿಕೆ ಮಾಡಿದವರು. ಅವರ ಲೆಕ್ಕದ ಕಾಗದಗಳಿಂದ ಕಲಿತದ್ದು ಅಷ್ಟಿಷ್ಟು ಉಳಿದಿದೆ.

ಅಂದಿನಿಂದ ವಾರಕ್ಕೊಮ್ಮೆ ನಮ್ಮ ಓದು ಸಾಗಿತು. ಅವರು ನವನಗರದಿಂದ ಚಿಗರಿ ಬಸ್ಸು ಹತ್ತಿ ಬರುವರು, ಸಾಲಿನ ಮೇಲೆ ಬೆರಳಿಟ್ಟು ನಾನು ಓದುವೆನು, ಅವರು ಬರೆದುಕೊಳ್ಳುವರು. ಮರಾಠಿಯಲ್ಲಿ 'ಹಕ್ಕಸೋಡ ಪತ್ರ' ಎಂದಿದ್ದದ್ದೇ ಇಂದಿನ ನಮ್ಮ 'ಹಕ್ಕು ಬಿಡುಗಡೆ ಪತ್ರ'. ಹೆಸರು ಬದಲಾಯಿತು, ಲಿಪಿ ಬದಲಾಯಿತು, ಸರಕಾರಗಳೂ ಬದಲಾದವು. ಬದಲಾಗದೆ ಉಳಿದದ್ದು ಒಂದು ವಾಕ್ಯ. ಯಾವ ಪತ್ರ ತೆಗೆದರೂ ಅದು ಹೆಚ್ಚುಕಡಿಮೆ ಹಾಗೆಯೇ ಇರುತ್ತಿತ್ತು: ಯಾರ ಒತ್ತಾಯವೂ ಇಲ್ಲದೆ, ತವರುಮನೆಯ ಮೇಲಿನ ಪ್ರೀತಿ ವಿಶ್ವಾಸದಿಂದ, ಸ್ವಸಂತೋಷದಿಂದ ಬರೆದುಕೊಟ್ಟಿರುತ್ತೇನೆ. ಇಷ್ಟು ಜನ ಹೆಣ್ಣುಮಕ್ಕಳು ಇಷ್ಟು ವರುಷ ಒಂದೇ ಶಬ್ದಗಳಲ್ಲಿ ಸಂತೋಷಪಟ್ಟಿದ್ದಾರೆ. ಪರೀಕ್ಷೆಯ ಹಾಳೆಗಳಲ್ಲಿ ಇಂಥದನ್ನು ಕಂಡರೆ ನಾವು ಅಧ್ಯಾಪಕರು ಏನೆಂದು ಭಾವಿಸುತ್ತೇವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ನಗುತ್ತ ಅದನ್ನೇ ಆಡಿದೆ. ಅವರು ನಗಲಿಲ್ಲ. "ನನ್ನ ಪ್ರಬಂಧ ಆ ಒಂದು ವಾಕ್ಯದ ಮ್ಯಾಲೇ ಐತ್ರಿ ಸರ" ಎಂದರು.

ನಾನೂ ನಗಬಾರದಿತ್ತು. ಅಂಥದೊಂದು ಪತ್ರ ನಮ್ಮ ಮನೆಯ ಕಪಾಟಿನಲ್ಲಿಯೂ ಇದೆ.

ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಇನ್ನೊಬ್ಬರ ಪರಿಚಯ ಮಾಡಿಕೊಡಬೇಕು. ಸಂಜೆ ಕರ್ನಾಟಕ ಕಾಲೇಜಿನ ಬಯಲಿನಲ್ಲಿ ತಿರುಗಾಡಲು ಬರುವ ಒಬ್ಬ ಹಿರಿಯರಿದ್ದಾರೆ. ಎಂಬತ್ತು ದಾಟಿದವರು, ಹಿಂದೂ ಕಾಯದೆಯನ್ನು ಮೂವತ್ತು ವರುಷ ಕಲಿಸಿ ನಿವೃತ್ತರಾದವರು, ಸಂಸ್ಕೃತ ಬಲ್ಲವರು. ಮೊದಲು ನಮ್ಮಿಬ್ಬರ ಮಾತೆಲ್ಲ ಮಂಡಿನೋವು ಮತ್ತು ಮಳೆಯ ಸುತ್ತಲೇ ಇತ್ತು. ತರುಣಿಯ ಸಂಶೋಧನೆಯ ಸುದ್ದಿ ತೆಗೆದ ದಿನ ಅವರ ನಡಿಗೆಯೇ ಚುರುಕಾಯಿತು. "ಮಾಸ್ತರ, ನೀವು ಮಿತಾಕ್ಷರಾ ಓದೀರೇನು?" ಎಂದು ಕೇಳಿದರು. ಹೆಸರು ಗೊತ್ತು ಎಂದೆ. "ಹೆಸರು ಎಲ್ಲಾರಿಗೂ ಗೊತ್ತದ" ಎಂದರು.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ವರೆಗಿನ ಆಳಿಕೆಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ಹುಟ್ಟಿದ ಗ್ರಂಥ ಬಂಗಾಲ ಅಸ್ಸಾಮುಗಳನ್ನುಳಿದು ಭಾರತದ ಬಹುಭಾಗಕ್ಕೆ ಮನೆತನದ ಕಾಯದೆಯಾಯಿತು. 1810ರಲ್ಲಿ ಕೋಲ್‌ಬ್ರೂಕನು ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ನ್ಯಾಯಾಧೀಶರಿಗೆ ಅದೇ ಕೈಪಿಡಿ. ಹುಟ್ಟಿನಿಂದಲೇ ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಬರುತ್ತದೆಂಬ ಜನ್ಮಸ್ವತ್ವವಾದ ವಿಜ್ಞಾನೇಶ್ವರನದು ಎಂದು ನಾವೆಲ್ಲ ಕೇಳಿದ್ದೇವೆ. ನಾನು ಕೇಳಿರದಿದ್ದದ್ದು ಬೇರೆ. ತಂದೆ ತೀರಿದ ಮೇಲೆ ಅವಿವಾಹಿತ ಸೋದರಿಗೆ ಕಾಲುಪಾಲು ಕೊಡಬೇಕೆಂಬ ಮಾತಿಗೆ, ಅದರ ತಾತ್ಪರ್ಯ ಮದುವೆಯ ಖರ್ಚು ಮಾತ್ರ ಎಂದು ಕೆಲವರು ಅರ್ಥ ಹೇಳುತ್ತಿದ್ದರಂತೆ. ವಿಜ್ಞಾನೇಶ್ವರ ಅದನ್ನು ಒಪ್ಪಲಿಲ್ಲ. ಅದು ಖರ್ಚಲ್ಲ, ಪಾಲು ಎಂದು ವಾದ ಮಾಡಿದ. ಹಾಗೆಯೇ 'ಸ್ತ್ರೀಧನ'ವೆಂಬ ಮಾತಿಗೆ, ಮದುವೆಯಲ್ಲಿ ಬಂದದ್ದಷ್ಟೇ ಅಲ್ಲ, ವಾರಸಿನಿಂದ, ಕ್ರಯದಿಂದ, ಪಾಲಿನಿಂದ ಬಂದದ್ದೂ ಹೆಣ್ಣಿನ ಧನವೇ ಎಂದು ಅಗಲವಾದ ಅರ್ಥ ಕೊಟ್ಟ. ಲಂಡನ್ನಿನ ಪ್ರಿವಿ ಕೌನ್ಸಿಲ್ಲು ಮುಂದೆ ಅದನ್ನು ಕಿರಿದುಮಾಡಿತು. ಮುಂಬಯಿ ಪ್ರಾಂತದಲ್ಲಿ ಮಾತ್ರ ಒಂದಿಷ್ಟು ಉಳಿಯಿತು.

"ಈಗ ನಮ್ಮ ಮಂದಿ ಏನಂತಾರ?" ಎಂದು ಹಿರಿಯರು ನಿಂತು ಕೋಲನ್ನು ನೆಲಕ್ಕೆ ಊರಿದರು. "ಮದಿವಿ ಮಾಡಿ ಕೊಟ್ಟೇವಲ್ಲ, ಇನ್ನೆಂಥಾ ಪಾಲು ಅಂತಾರ. ಒಂಬೈನೂರು ವರ್ಷದ ಹಿಂದ ಕಲ್ಯಾಣದಾಗ ಮುರಿದುಹಾಕಿದ ವಾದ ಇದು. ಕಲ್ಯಾಣದಿಂದ ಧಾರವಾಡಕ್ಕ ಬರೋ ಅಷ್ಟರಾಗ ಅರ್ಧಾ ಕಳದುಹೋತು."

ಮುಂದಿನ ಇತಿಹಾಸವನ್ನು ಬೇಗ ದಾಟಿಬಿಡುತ್ತೇನೆ. ಪತ್ರಿಕೆಗಳಲ್ಲಿ ಬಂದುಹೋದದ್ದೇ ಹೆಚ್ಚು. ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯದೆ ಮಾಡಿತು. ಧಾರವಾಡ ಅದರ ಹೊರಗಿತ್ತು. ಮಂಗಳೂರಿನವರಾದ ಬೆನಗಲ್ ನರಸಿಂಗರಾಯರ ಸಮಿತಿ 1941ರಿಂದ ಸಂಹಿತೆಯ ಕರಡಿಗೆ ಕುಳಿತಿತು. ಅದು ಸಂಸತ್ತಿನಲ್ಲಿ ಮುಗ್ಗರಿಸಿದ್ದಕ್ಕೆ 1951ರಲ್ಲಿ ಅಂಬೇಡ್ಕರರು ಮಂತ್ರಿಪದವಿಯನ್ನು ಬಿಟ್ಟರು. 1956ರ ಕಾಯದೆಯಲ್ಲಿ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಮಗನ ಸಮನಾದ ಪಾಲು ಬಂದಿತು. ಆದರೆ ವಾಸದ ಮನೆಯನ್ನು ಭಾಗ ಮಾಡಿರೆಂದು ಆಕೆ ತಾನಾಗಿ ಕೇಳುವಂತಿರಲಿಲ್ಲ. ಕರ್ನಾಟಕ 1994ರಲ್ಲಿ ಪಿತ್ರಾರ್ಜಿತದಲ್ಲಿಯೂ ಮಗಳಿಗೆ ಹುಟ್ಟುಹಕ್ಕು ಕೊಟ್ಟಿತು, ಅಷ್ಟರೊಳಗೆ ಮದುವೆಯಾದವರನ್ನು ಬಿಟ್ಟು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಆ ಬೇಲಿಯನ್ನು ತೆಗೆಯಿತು, ಮನೆಯ ಮೇಲಿನ ನಿರ್ಬಂಧವನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಬೇಕೋ ಬೇಡವೋ ಎಂಬ ತಕರಾರು ಮುಂದೆ ಹದಿನೈದು ವರುಷ ಎಳೆಯಿತು. ಬೆಳಗಾವಿಯ ಕೋರ್ಟಿನಲ್ಲಿ 1992ರಲ್ಲಿ ಹೂಡಿದ ಫುಲಾವತಿಯವರ ದಾವೆಯಲ್ಲಿ 2015ರಲ್ಲಿ ಸುಪ್ರೀಮ್ ಕೋರ್ಟು ಬದುಕಿರಬೇಕೆಂದಿತು. ದಾನಮ್ಮನವರ ದಾವೆಯೂ ಕರ್ನಾಟಕದ್ದೇ. ಅದರಲ್ಲಿ 2018ರಲ್ಲಿ, 2001ರಷ್ಟು ಹಿಂದೆ ತೀರಿಕೊಂಡ ತಂದೆಯ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಮೂವರು ನ್ಯಾಯಾಧೀಶರು ಕೂತು, ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಆ ದಿನ ಬದುಕಿದ್ದನೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ ಎಂದು ತೀರ್ಮಾನ ಕೊಟ್ಟರು.

ಹಿರಿಯರ ದೃಷ್ಟಿಯಲ್ಲಿ ಸಂಶೋಧನೆಯೆಂದರೆ ಇದು: ಒಂದು ಶಬ್ದ ಶಾಸ್ತ್ರದಿಂದ ಕಾಯದೆಗೆ, ಕಾಯದೆಯಿಂದ ತೀರ್ಪಿಗೆ ಹೇಗೆ ಹರಿದುಬಂದಿತೆಂದು ನೋಡುವುದು. ನನಗೆ ಅದು ಹಿಡಿಸಿತು, ನಮ್ಮ ಪಠ್ಯಸಂಪಾದನೆಯ ತಮ್ಮನಂತೆ ಕಂಡಿತು. ತರುಣಿಗೆ ಅಷ್ಟು ಸಾಲದು. ತೀರ್ಪುಗಳು ಕೋರ್ಟಿಗೆ ಹೋದವರ ಕಥೆ ಹೇಳುತ್ತವೆ, ಹೋಗದವರದನ್ನು ಯಾರು ಹೇಳಬೇಕು ಎಂದು ಅವರ ವಾದ. ಅವರು ನವಲಗುಂದ, ಕುಂದಗೋಳದ ಕಡೆ ಹಳ್ಳಿ ತಿರುಗಿ, ಸಹಿ ಮಾಡಿದ ಹೆಂಗಸರ ಕಟ್ಟೆಯ ಮೇಲೆ ಕುಳಿತು ಮಾತನಾಡಿಸಿ ಬರುತ್ತಾರೆ. ಇದು ತಮ್ಮ ಹೊಸ ವಿದ್ಯೆಯೇನಲ್ಲ ಎಂದು ಅವರೇ ಹೇಳಿದರು. ನೂರು ವರುಷಗಳಿಗಿಂತ ಹಿಂದೆ ಆಸ್ಟ್ರಿಯಾ ಸಾಮ್ರಾಜ್ಯದ ಮೂಡಣ ಅಂಚಿನ ಬುಕೊವಿನಾದಲ್ಲಿ ಯೂಜೆನ್ ಎರ್‌ಲಿಖ್ ಎಂಬ ಪ್ರಾಧ್ಯಾಪಕನಿದ್ದನಂತೆ. ಕಾಯದೆಯ ಪುಸ್ತಕದ ಪ್ರಕಾರ ಮಗ ದುಡಿದದ್ದು ಮಗನದು. ಅಲ್ಲಿಯ ರೈತರ ಮನೆಗಳಲ್ಲಿ ಮಾತ್ರ ಮಗ ಕೂಲಿಯನ್ನು ತಂದು ತಂದೆಯ ಕೈಗೆ ಇಡುತ್ತಿದ್ದ. ಪುಸ್ತಕದ ಕಾಯದೆ ಒಂದು, ಬದುಕುವ ಕಾಯದೆ ಇನ್ನೊಂದು ಎಂದು ಎರ್‌ಲಿಖ್ 1913ರಲ್ಲಿ ಗ್ರಂಥ ಬರೆದ. ನಮ್ಮವರಲ್ಲಿ ಬೀನಾ ಅಗರವಾಲರು 1994ರಲ್ಲಿ ದಕ್ಷಿಣ ಏಶಿಯದ ಹೆಂಗಸರ ಹೊಲದ ಹಕ್ಕನ್ನು ಕುರಿತು, ಶ್ರೀಮತಿ ಬಸು ಅವರು 1999ರಲ್ಲಿ ದಿಲ್ಲಿಯ ಹೆಂಗಸರು ಪಾಲನ್ನು ಬೇಡವೆನ್ನುವುದನ್ನು ಕುರಿತು ಬರೆದ ಪುಸ್ತಕಗಳನ್ನು ತರುಣಿ ನನಗೆ ಓದಲು ಕೊಟ್ಟರು. ಪಾಲು ಕೇಳಿದವಳು ಆಸೆಬುರುಕಿ ಎಂಬ ಮಾತು ದಿಲ್ಲಿಗೂ ನವಲಗುಂದಕ್ಕೂ ಒಂದೇ ಎಂಬುದನ್ನು ಕಂಡು ಬೆರಗಾಯಿತು.

ಒಂದು ಸಂಜೆ ಇಬ್ಬರನ್ನೂ ನಮ್ಮ ಮನೆಗೆ ಕರೆದೆ. ಗಿರಮಿಟ್ಟು, ಚಹಾ ಆದವು. ಹೆಣ್ಣುಮಗಳು ಸ್ವಸಂತೋಷದಿಂದ ಬಿಟ್ಟುಕೊಟ್ಟದ್ದು ನಿಜವಾಗಿ ಕೊಟ್ಟದ್ದೇ ಎಂಬ ಪ್ರಶ್ನೆಯನ್ನು ನಾನೇ ನಡುವೆ ಇಟ್ಟೆ, ನನಗೆ ಸಂಬಂಧವಿಲ್ಲದವನಂತೆ.

ಹಿರಿಯರು ಮೊದಲು ಕಾಯದೆಯನ್ನೇ ಹಿಡಿದರು. 1872ರ ಕರಾರು ಕಾಯದೆಯ 25ನೆಯ ಕಲಮಿನಲ್ಲಿ ಒಂದು ಮಾತಿದೆ: ಪ್ರತಿಫಲವಿಲ್ಲದ ಕರಾರು ನಿಲ್ಲುವುದಿಲ್ಲ, ಆದರೆ ಹತ್ತಿರದ ಸಂಬಂಧಿಕರು ಸಹಜವಾದ ಪ್ರೀತಿ ವಾತ್ಸಲ್ಯಗಳಿಂದ ಬರೆದು ರಜಿಸ್ಟರ್ ಮಾಡಿಸಿದ್ದರೆ ನಿಲ್ಲುತ್ತದೆ. ಪ್ರೀತಿ ಇದೆಯೋ ಇಲ್ಲವೋ ಎಂದು ಕೋರ್ಟು ಹೇಗೆ ತಿಳಿಯಬೇಕು? 1899ರಲ್ಲಿ ಮುಂಬಯಿ ಕೋರ್ಟಿಗೆ ಇಬ್ಬರು ಅಣ್ಣತಮ್ಮಂದಿರ ವ್ಯಾಜ್ಯ ಬಂದಿತು. ಆಸ್ತಿಯ ಮೊಕದ್ದಮೆಯಲ್ಲಿ ಗೆದ್ದವನೇ, ಮನಸ್ತಾಪ ಹೋಗಿ ಒಂದಾಗೋಣವೆಂದು ಅರ್ಧ ಬರೆದುಕೊಟ್ಟಿದ್ದ. ಅದು ಪ್ರೀತಿ ಎಂದು ಕೋರ್ಟು ಒಪ್ಪಿತು. ಮರುವರುಷ ಕಲಕತ್ತೆಯಲ್ಲಿ ಗಂಡನೊಬ್ಬ ಬೇರೆ ಇರುವ ಹೆಂಡತಿಗೆ ಜೀವನಾಂಶ ಬರೆದುಕೊಟ್ಟಿದ್ದ. ಪತ್ರದಲ್ಲಿಯೇ ತಮ್ಮ ಜಗಳವನ್ನೂ ಬರೆದಿದ್ದ. ಸಂಬಂಧ ಹತ್ತಿರದ್ದಾದ ಮಾತ್ರಕ್ಕೆ ಪ್ರೀತಿ ಇದ್ದೇ ಇದೆ ಎನ್ನಲಾಗದು, ಪತ್ರವೇ ಇಲ್ಲವೆನ್ನುತ್ತದೆ ಎಂದು ಕೋರ್ಟು ಅದನ್ನು ತಳ್ಳಿತು. ಅಂದರೆ ಸತ್ಯ ಬರೆದವ ಸೋತ. ಅಂದಿನಿಂದ ಪತ್ರ ಬರೆಯುವವರು ಯಾರೂ ಜಗಳದ ಮಾತನ್ನು ಬರೆಯಲಿಕ್ಕಿಲ್ಲ. ನಮ್ಮ 'ಸ್ವಸಂತೋಷ'ದ ವಾಕ್ಯಕ್ಕೆ ಕಾರಣ ಹೆಣ್ಣುಮಕ್ಕಳ ಹೃದಯವಲ್ಲ, ದಸ್ತು ಬರೆಯುವವನ ಜಾಗ್ರತೆ ಎಂದು ನನಗೆ ಆಗ ಹೊಳೆಯಿತು.

"ಆದರ ಒಂದು ಮಾತು" ಎಂದರು ಹಿರಿಯರು. "ವಾಕ್ಯ ಸುಳ್ಳಂದ ಕೂಡಲೇ ಮನಸ್ಸೂ ಸುಳ್ಳಂತ ತಿಳೀಬ್ಯಾಡ್ರಿ. ಅಣ್ಣಗ ಬಿಟ್ಟುಕೊಟ್ಟ ಎಲ್ಲಾ ತಂಗೇರೂ ಬುದ್ಧಿ ಇಲ್ಲದವರು, ಹೆದರಿದವರು ಅಂದರ ಅವರನ್ನ ಯಾರು ಅವಮಾನ ಮಾಡಿದಂಗಾತು? ನಾವs." ಪರದಾನಶೀನ ಹೆಂಗಸರು, ಓದು ಬರದ ಹೆಂಗಸರು ಬರೆದುಕೊಟ್ಟ ಪತ್ರವಿದ್ದರೆ, ಅದನ್ನು ಅವರು ತಿಳಿದು ಬರೆದರೆಂದು ರುಜುವಾತು ಮಾಡುವ ಹೊರೆ ಲಾಭ ಪಡೆದವನ ಮೇಲೆ ಎಂಬ ರಕ್ಷಣೆ ಹಿಂದಿನಿಂದ ಇದೆ. ಅದನ್ನು ಎಲ್ಲ ಹೆಣ್ಣುಮಕ್ಕಳಿಗೂ ಹಚ್ಚುತ್ತ ಹೋದರೆ, ಕೊಡುವ ಸ್ವಾತಂತ್ರ್ಯವನ್ನೇ ಅವರಿಂದ ಕಸಿದುಕೊಂಡಂತೆ. ಹಕ್ಕು ಉಳ್ಳವಳಿಗೆ ಅದನ್ನು ಬಿಡುವ ಹಕ್ಕೂ ಇರಬೇಕಲ್ಲವೆ?

ಈ ಮಾತಿಗೆ ತೂಕವಿದೆ. ನನಗೂ ಅದು ಬೇಕಾಗಿತ್ತು, ಆದ್ದರಿಂದಲೇ ಅದರ ಮೇಲೆ ನನಗೆ ಸಂಶಯ ಬಂದಿತು.

ತರುಣಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಪ್ರೀತಿ ಇತ್ತೇ ಎಂದು ತಾನು ಕೇಳುವುದಿಲ್ಲ; ಇರುತ್ತದೆ. ತಾನು ಕೇಳುವ ಪ್ರಶ್ನೆಗಳು ಎರಡು. ಏನನ್ನು ಬಿಡುತ್ತಿದ್ದೇನೆಂದು ಆಕೆಗೆ ಗೊತ್ತಿತ್ತೇ? ಬಿಡದಿದ್ದರೆ ಏನಾಗುತ್ತಿತ್ತು? ಎರಡನೆಯದಕ್ಕೆ ಹೆಂಗಸರು ಆಸ್ತಿಯ ಮಾತನ್ನೇ ಎತ್ತುವುದಿಲ್ಲವಂತೆ. ಪಂಚಮಿಗೆ ಕರೆಯಲು ಯಾರು ಬರುತ್ತಾರೆ, ಉಡಿ ತುಂಬುವವರು ಯಾರು, ನಾಳೆ ಗಂಡನ ಮನೆಯಲ್ಲಿ ಹೆಚ್ಚುಕಡಿಮೆಯಾದರೆ ಹೋಗಿ ನಿಲ್ಲಲು ಒಂದು ಬಾಗಿಲು ಬೇಡವೆ ಎನ್ನುತ್ತಾರೆ. ಆಪತ್ತಿಗೆ ಆಗಲೆಂದು ತವರನ್ನು ಉಳಿಸಿಕೊಳ್ಳಲು, ಆಪತ್ತಿಗೆ ಆಗಬಹುದಾಗಿದ್ದ ಆಸ್ತಿಯನ್ನು ಬಿಡುತ್ತಾರೆ. ಇಲ್ಲವೆಂದರೆ ಬಾಗಿಲು ಮುಚ್ಚುತ್ತದೆ ಎಂದಿದ್ದಾಗ ಹೂಂ ಎಂದದ್ದನ್ನು ಕೊಡುಗೆ ಎನ್ನಬೇಕೋ, ಬಾಡಿಗೆ ಎನ್ನಬೇಕೋ?

ನಾನು ಆಕ್ಷೇಪಣೆ ಎತ್ತಿದೆ. ಯಾವ ಪ್ರೀತಿಯಲ್ಲಿ ಇಲ್ಲವೆನ್ನುವುದಕ್ಕೆ ಬೆಲೆಯಿಲ್ಲ? ಮಗು ಬೇಡಿದ್ದನ್ನು ತಾಯಿ ಕೊಡದಿದ್ದರೆ ಮಗು ಅಳುತ್ತದೆ. ಹಾಗೆಂದು ತಾಯಿ ಕೊಟ್ಟದ್ದೆಲ್ಲ ಬಲವಂತವೆ? ಬೆಲೆಯೇ ಇಲ್ಲದ ಸ್ವಾತಂತ್ರ್ಯ ಅಪರಿಚಿತರ ನಡುವೆ ಮಾತ್ರ ಇದ್ದೀತು. ಅದಕ್ಕೆ ತರುಣಿ, "ಖರೇ ಐತ್ರಿ. ಆದರ ಬೆಲೆ ಇಬ್ಬರೂ ಕೊಡಬೇಕಲ್ರಿ. ಅಕ್ಕ ಇಲ್ಲ ಅಂದರ ತವರು ಹೋಗತೈತಿ. ತಮ್ಮ ಕೇಳಿದರ ಅವಂದೇನು ಹೋಗತೈತಿ?" ಎಂದರು. ನಾನು ಚಹಾದ ಬಟ್ಟಲುಗಳನ್ನು ಒಳಗೆ ಇಡಲು ಎದ್ದೆ.

ಹಿರಿಯರು ಕೊನೆಗೆ ಶಾಸ್ತ್ರದ ಒಂದು ಲಕ್ಷಣವನ್ನು ತೆಗೆದರು. ದಾನವೆಂದರೇನು? ತನ್ನ ಸ್ವತ್ವವನ್ನು ನಿವೃತ್ತಿಗೊಳಿಸಿ ಪರರ ಸ್ವತ್ವವನ್ನು ಉಂಟುಮಾಡುವುದು. ಎರಡು ಕ್ರಿಯೆ. ಎರಡನೆಯದನ್ನೇ ನಾವು ನೋಡುತ್ತೇವೆ, ಏಕೆಂದರೆ ರಜಿಸ್ಟ್ರಿಯಾಗುವುದು ಅದು. ಮೊದಲನೆಯದು ಆಗಬೇಕಾದರೆ ಆಕೆಗೆ ಇದು ನನ್ನದು ಎಂಬ ಭಾವ ಒಂದು ಗಳಿಗೆಯಾದರೂ ಇದ್ದಿರಬೇಕು. ಹಕ್ಕಿದೆಯೆಂದು ಕೇಳಿದ ದಿನವೇ, ಅದನ್ನು ಬಿಡಿಸಿಕೊಳ್ಳುವ ಕಾಗದದ ಮೂಲಕವೇ ಕೇಳಿದವಳಿಗೆ ಸ್ವತ್ವ ಯಾವಾಗ ಇತ್ತು, ನಿವೃತ್ತಿಯಾಗಲು? ಅವರು ತರುಣಿಯನ್ನು ಗೆಲ್ಲಿಸಲೆಂದು ಇದನ್ನು ಹೇಳಲಿಲ್ಲ. ಯೋಚಿಸುತ್ತ ಯೋಚಿಸುತ್ತ ಅಲ್ಲಿಗೆ ಬಂದರು. ಬಂದು ತಾವೇ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು.

ಈಗ ನಮ್ಮ ಕಪಾಟಿನ ಪತ್ರಕ್ಕೆ ಬರಬೇಕು.

ನಮ್ಮ ತಂದೆ ಪ್ರಾಥಮಿಕ ಶಾಲೆಯ ಮಾಸ್ತರರು. ಅವರು ಕಟ್ಟಿಸಿದ ಮೂರು ಖೋಲಿಯ ಹಂಚಿನ ಮನೆ, ನವಲಗುಂದ ತಾಲೂಕಿನಲ್ಲಿ ಹಿರಿಯರಿಂದ ಬಂದ ನಾಲ್ಕು ಎಕರೆ ಎರೆಹೊಲ, ಇಷ್ಟೇ ಆಸ್ತಿ. ಮಕ್ಕಳು ಇಬ್ಬರು: ಅಕ್ಕ, ಹತ್ತು ವರುಷ ಕಿರಿಯನಾದ ನಾನು. ಅಕ್ಕನ ಮದುವೆ 1991ರಲ್ಲಿ ಆಗಿ ಗದಗಿಗೆ ಹೋದಳು. ತಾಯಿ ಮೊದಲೇ ಹೋಗಿದ್ದರು. ತಂದೆ 2012ರಲ್ಲಿ ತೀರಿದರು. ಮರುವರುಷ ಹಂಚಿನ ಮನೆಯನ್ನು ಕೆಡವಿ ಮಹಡಿ ಕಟ್ಟಿಸಲು ಸಾಲಕ್ಕೆ ಹೋದೆ. ಬ್ಯಾಂಕಿನವರು, ನಿಮ್ಮ ಸೋದರಿಯ ಸಹಿ ಬೇಕು ಎಂದರು. ಅಲ್ಲಿಯ ವರೆಗೆ, ಆಣೆಯಿಟ್ಟು ಹೇಳುತ್ತೇನೆ, ಆ ಮನೆಯಲ್ಲಿ ಅರ್ಧ ಅಕ್ಕನದು ಎಂದು ನನಗೆ ಹೊಳೆದೇ ಇರಲಿಲ್ಲ. ಹೊಳೆದ ಮೇಲೂ ಅದು ದಾಟಬೇಕಾದ ಒಂದು ತೊಡಕಾಗಿ ಕಂಡಿತೇ ಹೊರತು ಬೇರೆ ರೀತಿಯಲ್ಲಿ ಕಾಣಲಿಲ್ಲ.

ಫೋನಿನಲ್ಲಿ, "ಅಕ್ಕಾ, ಮನಿ ಕಾಗದಕ್ಕ ನಿಂದೊಂದು ಸಹಿ ಬೇಕಾಗೇದ" ಎಂದೆ. "ಯಾವತ್ತ ಬರಲಿ?" ಎಂದಳು. ಗದಗಿನಿಂದ ಮುಂಜಾನೆಯ ಬಸ್ಸಿಗೆ ಬಂದಳು. ಪತ್ರ ಹಿಂದಿನ ದಿನವೇ ಸಿದ್ಧವಾಗಿತ್ತು. ಆಕೆಯ ಪ್ರೀತಿ ವಿಶ್ವಾಸ, ಸ್ವಸಂತೋಷ ಎಲ್ಲ ಆಕೆ ಬಸ್ಸು ಹತ್ತುವ ಮೊದಲೇ ಟೈಪಾಗಿ ಕುಳಿತಿದ್ದವು. ಕಚೇರಿಯಲ್ಲಿ ಓದಿ ತಿಳಿದುಕೊಂಡಿದ್ದೀರಾ ಎಂದು ಕೇಳಿದರು. ಆಕೆ ನನ್ನ ಮುಖ ನೋಡಿ "ಹೂಂ" ಎಂದಳು. ಫೋಟೊ ತೆಗೆದರು, ಹೆಬ್ಬೆಟ್ಟು ಒತ್ತಿಸಿಕೊಂಡರು. ಮನೆಗೆ ಬಂದು ಊಟ ಮಾಡಿದೆವು. ನನ್ನ ಹೆಂಡತಿ ಇಳಕಲ್ಲ ಸೀರೆ, ಖಣ ಕೊಟ್ಟು ಉಡಿ ತುಂಬಿದಳು. ಹೊಸ ಮನೆಯ ನಕಾಶೆ ತೋರಿಸಿದೆ. ಅಕ್ಕ ಬಹಳ ಹೊತ್ತು ನೋಡಿ, "ಇನ್ನ ಮುಂದ ನಾ ಬಂದರ ಯಾವ ಖೋಲ್ಯಾಗ ಮಲಗಲೋ ತಮ್ಮಾ?" ಎಂದು ನಕ್ಕಳು. ಎಲ್ಲರೂ ನಕ್ಕೆವು. ಸಂಜೆಯ ಬಸ್ಸಿಗೆ ಹೋದಳು.

ನಾಲ್ಕು ವರುಷಗಳ ಮೇಲೆ ಭಾವನಿಗೆ ಮೂತ್ರಪಿಂಡದ ಕಾಯಿಲೆಯಾಯಿತು. ಬಹಳ ದುಡ್ಡು ಹೋಯಿತು. ಅಕ್ಕ ಬಂಗಾರ ಮಾರಿದಳೆಂಬುದು ನನಗೆ ತಿಳಿದದ್ದು ಆರು ತಿಂಗಳ ನಂತರ, ಬೇರೆಯವರಿಂದ. ಯಾಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, ನಿನಗೂ ಸಾಲ ಐತಲ್ಲ ಎಂದಳು. ಆಕೆ ಹೇಳಿದ ಸಾಲ ಯಾವ ಮನೆಯದು ಎಂದು ಆ ಹೊತ್ತು ನನಗೆ ಯೋಚನೆ ಬರಲಿಲ್ಲ.

ಇದನ್ನು ಆ ಸಂಜೆ ಅವರಿಬ್ಬರ ಮುಂದೆ ಹೇಳಲಿಲ್ಲ. ಮುಂದಿನ ವಾರ ತರುಣಿ ಒಬ್ಬರೇ ಬಂದಾಗ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಅಕ್ಕಾರಿಗೆ ಅದರ ಕಿಮ್ಮತ್ತು ಎಷ್ಟಂತ ಹೇಳಿದ್ರೇನು ಸರ?" ಎಂದು ಕೇಳಿದರು. ಇಲ್ಲವೆಂದೆ. ಅವರು ತಲೆಯಾಡಿಸಿದರು, ಈ ಉತ್ತರವನ್ನು ಬಹಳ ಸಲ ಕೇಳಿದ್ದರೆಂದು ತೋರಿತು. ಆಮೇಲೆ, ನಾನು ತರಗತಿಯಲ್ಲಿ ಏನು ಪಾಠ ಮಾಡುತ್ತೇನೆಂದು ಕೇಳಿದರು. ಆ ಸಲ ಜನಪದ ತ್ರಿಪದಿಗಳಿದ್ದವು. ಹಲಸಂಗಿ ಗೆಳೆಯರು ಸಂಗ್ರಹಿಸಿದ 'ಗರತಿಯ ಹಾಡು' 1931ರಲ್ಲಿ ಬಂದಾಗಿನಿಂದ ಕನ್ನಡ ಕಲಿಸುವವರಿಗೆ ಅದು ಅಕ್ಷಯಪಾತ್ರೆ. ತವರನ್ನು ಹರಸುವ ಹೆಣ್ಣುಮಗಳ ಹಾಡುಗಳನ್ನು ಇಪ್ಪತ್ತು ವರುಷ ನಾನು ಕಣ್ಣು ತುಂಬಿಕೊಂಡು ಪಾಠ ಮಾಡಿದ್ದೇನೆ. ಎಂಥ ನಿರ್ಮಲ ತ್ಯಾಗ ಎಂದಿದ್ದೇನೆ. ಪರೀಕ್ಷೆಯಲ್ಲಿ ಹಾಗೆ ಬರೆದವರಿಗೆ ಹೆಚ್ಚು ಗುಣ ಕೊಟ್ಟಿದ್ದೇನೆ. ಅವರು, "ಅಕಿ ಏನೂ ಬೇಡಲಾರದಕ್ಕ ಹಾಡು ಚಂದ ಆಗೇದೋ, ಬೇಡಿದರ ಸಿಗೂದುಲ್ಲ ಅಂತ ಗೊತ್ತಿದ್ದಕ್ಕ ಹಾಡ್ಯಾಳೋ?" ಎಂದರು.

ನಾನು ಆ ಹಾಡುಗಳನ್ನು ಸುಳ್ಳೆನ್ನಲಾರೆ. ಬೀಸುವ ಕಲ್ಲಿನ ಮುಂದೆ ಕುಳಿತು ತವರನ್ನು ನೆನೆದವಳ ಕೊರಳಿನಲ್ಲಿ ಪ್ರೀತಿ ಇದ್ದೇ ಇತ್ತು. ಆದರೆ ಆ ಪ್ರೀತಿಯನ್ನು ಹೊಗಳುತ್ತ ಕುಳಿತ ನಮ್ಮಂಥವರು ಗಂಡಸರು, ತವರುಮನೆಯ ಕೀಲಿಕೈ ಜೇಬಿನಲ್ಲಿಟ್ಟುಕೊಂಡವರು. ಹೊಗಳಿಕೆ ನಮಗೆ ಅಗ್ಗವಾಗಿತ್ತು. ದಸ್ತು ಬರೆಯುವವನು ಒಂದು ವಾಕ್ಯ ಬರೆದ. ಅದನ್ನು ನಂಬುವ ಮನಸ್ಸನ್ನು ವರುಷ ವರುಷ ಎಂಬತ್ತು ಮಕ್ಕಳ ತರಗತಿಯಲ್ಲಿ ತಯಾರು ಮಾಡಿದವನು ನಾನು. ಆ ಹುಡುಗಿಯರಲ್ಲಿ ಎಷ್ಟು ಜನ ಈಗ ಹೂಂ ಎಂದು ಸಹಿ ಮಾಡಿದ್ದಾರೋ.

ಹಿರಿಯರಿಗೂ ಕೊನೆಗೆ ಹೇಳಿಕೊಂಡೆ. ಅವರು ಕೋಲಿನಿಂದ ಒಣಗಿದ ಎಲೆಯೊಂದನ್ನು ಸರಿಸುತ್ತ, "ಹಕ್ಕು ಬಿಡುಗಡಿ ರದ್ದು ಮಾಡೂದು ಕಠಿಣ. ದಾನಪತ್ರ ಮಾಡಲಿಕ್ಕೆ ಯಾರ ಅಡ್ಡಿನೂ ಇಲ್ಲ. ಆ ಕಚೇರಿ ಬಾಗಿಲ ನಿಮಗೂ ತೆರೆದದ" ಎಂದರು. ಕಾಯದೆಯ ದೃಷ್ಟಿಯಿಂದ ಇಷ್ಟು ಸರಳ. ಮನೆಯ ಸಾಲ ಇನ್ನೂ ಆರು ವರು‌ಷ ಇದೆ. ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಹೆಂಡತಿ, ಅಕ್ಕ ಕೇಳಿದರೆ ಕೊಡೋಣ, ಕೇಳಲಿಲ್ಲವಲ್ಲ ಎನ್ನುತ್ತಾಳೆ. ಹೊಲವನ್ನಾದರೂ ಬರೆದುಕೊಡಬಹುದು. ಅದಕ್ಕೆ ಅಡ್ಡಿ ಏನಿದೆಯೆಂದು ಕುಳಿತು ನೋಡಿದರೆ, ಕೊಟ್ಟೆನೆಂಬ ಹೆಸರನ್ನು ನಾನೇ ಪಡೆಯುವ ಆಸೆ ಕಾಣುತ್ತದೆ. ಆಕೆಯದನ್ನೇ ಆಕೆಗೆ ಕೊಟ್ಟು, ಸ್ವಸಂತೋಷದಿಂದ ಎಂದು ಬರೆಯಿಸಬೇಕಲ್ಲ! ಹೀಗೆ ಯೋಚಿಸುವುದು ಸೂಕ್ಷ್ಮತೆಯೋ, ಕೊಡದೆ ಇರುವುದಕ್ಕೆ ಇನ್ನೊಂದು ನೆವವೋ ಎಂದು ತೀರ್ಮಾನಿಸಲು ನನ್ನಿಂದ ಆಗಿಲ್ಲ. ವರುಷವೊಂದು ಕಳೆಯಿತು.

ಈ ಸಲ ಪಂಚಮಿಗೆ ಅಕ್ಕನನ್ನು ಕರೆಯಲು ನಾನೇ ಗದಗಿಗೆ ಹೋದೆ. ಅಡಿಗೆಮನೆಯಲ್ಲಿ ಶೇಂಗಾದ ಉಂಡಿ ಕಟ್ಟುತ್ತಿದ್ದಳು. ಅಲ್ಲಿಯೇ ಮಣೆಯ ಮೇಲೆ ಕುಳಿತು ಹೇಳಿದೆ: ಅಂದು ನೀನು ಸಹಿ ಮಾಡಿದ ಕಾಗದದಲ್ಲಿ ಏನಿತ್ತು, ಮನೆಯ ಜಾಗದಲ್ಲಿ, ಹೊಲದಲ್ಲಿ ನಿನ್ನ ಅರ್ಧ ಎಷ್ಟು, ಇಂದಿನ ಧಾರಣೆಯಲ್ಲಿ ಅದು ನಲವತ್ತು ಲಕ್ಷದ ಹತ್ತಿರ ಆಗುತ್ತದೆ. ಆಕೆಯ ಕೈ ನಿಲ್ಲಲಿಲ್ಲ. ಕಟ್ಟಿದ ಉಂಡಿಯನ್ನು ಡಬ್ಬಿಯಲ್ಲಿಟ್ಟು, "ಈಗ ಯಾಕ ಹೇಳತಿ ತಮ್ಮಾ?" ಎಂದಳು. 'ಈಗ' ಎಂಬುದರ ಮೇಲೆ ಒತ್ತು ಹಾಕಿದಳೋ, 'ಯಾಕ' ಎಂಬುದರ ಮೇಲೋ, ಶಬ್ದದ ಒತ್ತನ್ನು ಕಲಿಸಿ ಹೊಟ್ಟೆ ಹೊರೆಯುವ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಬಸ್ಸಿನಲ್ಲಿ ಆಕೆ ಕಿಟಕಿಯ ಕಡೆ ಕುಳಿತಳು. ಅಣ್ಣಿಗೇರಿ ದಾಟುವವರೆಗೆ ಇಬ್ಬರೂ ಮಾತನಾಡಲಿಲ್ಲ. ಅಲ್ಲಿ ರಸ್ತೆಯ ಎರಡೂ ಬದಿಗೆ ಎರೆಭೂಮಿ ಹಸಿರಾಗಿತ್ತು. ಆಕೆ ಹೊರಗೆ ನೋಡುತ್ತಲೇ, "ನಮ್ಮ ಹೊಲದಾಗ ಈ ಸಲ ಏನು ಹಾಕ್ಯಾರ?" ಎಂದು ಕೇಳಿದಳು. ಹೆಸರು ಎಂದೆ. ಇಷ್ಟು ವರುಷಗಳಲ್ಲಿ ಆಕೆ ಹೊಲದ ಮಾತೆತ್ತಿದ್ದು ಅದೇ ಮೊದಲು.